ಅತ್ತೆಯ ಕಣ್ಣು, ನನ್ನ ಎಳ್ಳುಂಡೆ

ನಮ್ಮ ಅತ್ತೆಗೆ ಊಟ ಮಾಡಲು ಬರುವುದಿಲ್ಲ. ನಗಬೇಡಿ, ನಿಜವಾಗಿಯೂ ಬರುವುದಿಲ್ಲ! ಊಟಕ್ಕೆ ಕೂತವರು ತಮ್ಮ ಬಟ್ಟಲು ನೋಡುತ್ತಾರೆ. ಹೆಚ್ಚೆಂದರೆ, ಪಕ್ಕದವರಿಗೆ ಬಿದ್ದ ಹೋಳಿಗೆ ತಮ್ಮದಕ್ಕಿಂತ ದೊಡ್ಡದೇ ಎಂದು ಕಳ್ಳಗಣ್ಣು ಹಾಯಿಸುತ್ತಾರೆ. ನಮ್ಮ ಅತ್ತೆ ನೋಡುವುದು ತಿನ್ನುವವರ ಮುಖವನ್ನು. ತುತ್ತು ನಿಮ್ಮ ಬಾಯಿಗೆ ಹೋಯಿತೋ ಇಲ್ಲವೋ, ಅವಳ ಕನ್ನಡಕ ಮೂಗಿನ ತುದಿಗೆ ಇಳಿಯುತ್ತದೆ, ಕುತ್ತಿಗೆ ಕೊಕ್ಕರೆಯ ಹಾಗೆ ಮುಂದೆ ಬರುತ್ತದೆ. ಮೊದಲು ನಿಮ್ಮ ತುಟಿ, ಆಮೇಲೆ ಕಿವಿ, ಆಮೇಲೆ ಕುತ್ತಿಗೆ, ಕೊನೆಗೆ ಅಂಗೈ. ಅಷ್ಟು ತಪಾಸಣೆ ಮುಗಿಯುವವರೆಗೆ ನುಂಗಿದ ಅನ್ನ ಕೂಡ ಹೊಟ್ಟೆಗಿಳಿಯಲೋ ಬೇಡವೋ ಎಂದು ಅವಳ ಅಪ್ಪಣೆಗೆ ಕಾಯುತ್ತಿರುತ್ತದೆ! ಆಮೇಲೆ ಪ್ರಶ್ನೆಗಳು ಶುರು.

"ತುಟಿ ಜುಮುಜುಮು ಅಂತದಾ?"

"ಇಲ್ಲ ಅತ್ತೆ."

"ನಾಲಗೆ ತುರಿಸ್ತದಾ?"

"ಇಲ್ಲ."

"ಗಂಟಲು?"

"ಗಂಟಲಿಗೆ ಎಂತ ಆಗ್ಬೇಕಿತ್ತು?"

"ಎಂತದೂ ಆಗ್ಬಾರ್ದು ಮಾರಾಯಾ. ಅದಕ್ಕೇ ಕೇಳಿದ್ದು."

ಇವಳು ನನ್ನ ಅಪ್ಪನ ಅಕ್ಕ. ಉಡುಪಿಯ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು, ಮದುವೆಯ ಗೋಜಿಗೆ ಹೋಗದೆ, ಬೇಲಾಪುರದ ಒಂದು ಆಫೀಸಿನಲ್ಲಿ ದೊಡ್ಡ ಕುರ್ಚಿಯವರೆಗೆ ಏರಿದವಳು. ಡೊಂಬಿವಲಿ ಪೂರ್ವದಲ್ಲಿ ಲಿಫ್ಟ್ ಇಲ್ಲದ ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ನಾವು, ನಾಲ್ಕನೇ ಮಹಡಿಯಲ್ಲಿ ಅವಳು. ರಾತ್ರಿಯೂಟ ಮಾತ್ರ ನಮ್ಮಲ್ಲೇ.

ಇನ್ನು ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರು ಹೇಳುವುದು ಬೇಡ. ಹಗಲು ಹೊತ್ತು ಭಿವಂಡಿಯ ಗೋದಾಮೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಉಳಿದ ಹೊತ್ತು ಬೇರೆಯವರ ಸ್ವರದಲ್ಲಿ ಮಾತಾಡುತ್ತೇನೆ. ಗಾಡಿ ತಡವೆಂದು ಸಾರುವ ರೈಲ್ವೆಯ ಹೆಂಗಸು, ನೀರಿನ ಟ್ಯಾಂಕಿ ಖಾಲಿಯೆಂದು ಗದರುವ ನಮ್ಮ ಸೊಸೈಟಿಯ ಸೆಕ್ರೆಟರಿ, ಫೋನಿನಲ್ಲಿ ಊರಿನವರೊಡನೆ ಊರಿಗೇ ಕೇಳುವಂತೆ ಕಿರುಚುವ ನನ್ನ ಅಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಇವರೆಲ್ಲರ ನಡುವೆ ನನ್ನ ಸ್ವಂತ ಸ್ವರಕ್ಕೆ ಮೂಲೆಯಲ್ಲೂ ಜಾಗ ಸಿಕ್ಕಿಲ್ಲ. ಆದರೆ ನನ್ನ ಮಿಮಿಕ್ರಿ ಕಾರ್ಯಕ್ರಮದ ಕೊನೆಗೆ ಜನ ಒತ್ತಾಯಿಸಿ ಕೇಳುವ ಐಟಂ ಯಾವುದು? ಅತ್ತೆ! ಕನ್ನಡಕ ಇಳಿಸಿ, ಕುತ್ತಿಗೆ ಚಾಚಿ, "ತುಟಿ ಜುಮುಜುಮು ಅಂತದಾ?" ಎಂದರೆ ಸಾಕು, ಸಭೆ ಬಿದ್ದು ಬಿದ್ದು ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅತ್ತೆಯೇ. "ಕುತ್ತಿಗೆ ಇನ್ನೂ ಸ್ವಲ್ಪ ಉದ್ದ ಮಾಡು ಮಾರಾಯಾ, ನಾನು ಅಷ್ಟು ಗಿಡ್ಡ ಇಲ್ಲ" ಎಂದು ತಿದ್ದುತ್ತಿದ್ದಳು ಕೂಡ.

ಅತ್ತೆಗೆ ಈ ಗೀಳು ಹತ್ತಿದ್ದಕ್ಕೆ ಕಾರಣವಿತ್ತು. ಅವಳಿಗೆ ಸಿಗಡಿ ಆಗುವುದಿಲ್ಲ. ಕರಾವಳಿಯಲ್ಲಿ ಹುಟ್ಟಿ ಸಿಗಡಿ ಆಗುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ಹುಡುಗಿಯಾಗಿದ್ದಾಗ ನೆಂಟರ ಮನೆಯಲ್ಲಿ ಸಿಗಡಿ ಗಸಿ ತಿಂದು ಮುಖ ಊದಿಸಿಕೊಂಡು ಕೂತರೆ, "ಅಭ್ಯಾಸ ಇಲ್ಲ ಅದಕ್ಕೆ, ಇನ್ನೆರಡು ತಿನ್ನು, ಸರಿಯಾಗ್ತದೆ" ಎಂದು ಇನ್ನೂ ಎರಡು ಸೌಟು ಬಡಿಸಿದರಂತೆ! ಬದುಕಿ ಉಳಿದದ್ದೇ ಅವಳ ಪುಣ್ಯ. ಠಾಣೆಯಲ್ಲಿ ಚರ್ಮದ ಡಾಕ್ಟರೊಬ್ಬರು ಅದನ್ನು ಅಲರ್ಜಿ ಎಂದು ಬಿಡಿಸಿ ಹೇಳಿದ ದಿನದಿಂದ ಅತ್ತೆ ತನ್ನ ಚಿಂತೆ ಬಿಟ್ಟು ಲೋಕದ ತುಟಿಗಳ ಚಿಂತೆ ಹಚ್ಚಿಕೊಂಡಳು.

ಠಾಣೆಯಿಂದ ವಾಶಿಯ ಕಡೆಗೆ ಹೊಸದಾಗಿ ಲೋಕಲ್ ಶುರುವಾದ ಕಾಲ. ಅತ್ತೆ ಠಾಣೆಯಲ್ಲಿ ಗಾಡಿ ಬದಲಿಸಿ ಬೇಲಾಪುರಕ್ಕೆ ಹೋಗುತ್ತಿದ್ದಳು. ಲೇಡಿಸ್ ಡಬ್ಬಿಯಲ್ಲಿ ಬೆಳಗಿನ ತಿಂಡಿಯ ಡಬ್ಬಗಳು ತೆರೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಅವಳ ಕುತ್ತಿಗೆ ಉದ್ದವಾಗುತ್ತಿತ್ತು. ಎದುರಿನ ಹೆಂಗಸು ಬಟಾಟೆ ಪೋಹೆಯನ್ನು ಬಾಯಿಗಿಡುತ್ತಾಳೆ, ಅತ್ತೆ ನೋಡುತ್ತಾಳೆ. ಮತ್ತೊಂದು ತುತ್ತು, ಮತ್ತೂ ನೋಡುತ್ತಾಳೆ. ಆ ಹೆಂಗಸು ಪಾಪ ಎಷ್ಟು ಹೊತ್ತು ತಡೆದುಕೊಂಡಾಳು? "ಕಾಕೂ, ಪಾಹಿಜೆ ಕಾ?" ಬೇಕಾ ಎಂದು ಕೇಳಿಯೇ ಬಿಟ್ಟಳು. ಅತ್ತೆ ಬೇಡ ಎಂದಷ್ಟೂ ಅವರಿಗೆ ಕನಿಕರ ಹೆಚ್ಚಿತು. ಮನೆಯಲ್ಲಿ ಮಾಡಿಕೊಡುವವರಿಲ್ಲದ ಒಂಟಿ ಹೆಂಗಸು, ಬಾಯಿಬಿಟ್ಟು ಕೇಳಲು ಸಂಕೋಚ! ಅಂದಿನಿಂದ ದಿನಕ್ಕೊಬ್ಬರು ಅವಳ ಡಬ್ಬ ತುಂಬಿಸತೊಡಗಿದರು. ಢೋಕ್ಲಾ, ಥಾಲಿಪೀಠ್, ಸಾಬುದಾಣಾ ಖಿಚಡಿ! ನಮ್ಮ ಮನೆಯಲ್ಲಿ ಸಂಜೆಯ ತಿಂಡಿ ಮಾಡುವ ಪದ್ಧತಿಯೇ ನಿಂತುಹೋಯಿತು. ಅತ್ತೆಯ ವೈದ್ಯಕೀಯ ಸೇವೆಯಿಂದ ಮೊದಲು ಲಾಭ ಪಡೆದವನು ನಾನೇ ಎಂದು ಇಲ್ಲಿ ಕೃತಜ್ಞತೆಯಿಂದ ದಾಖಲಿಸುತ್ತೇನೆ.

ಎಲ್ಲ ಸಲವೂ ಅವಳ ಊಹೆ ಸರಿಯಾಗುತ್ತಿತ್ತೆಂದು ತಿಳಿಯಬೇಡಿ. ಒಮ್ಮೆ ಮದುವೆಯೊಂದರಲ್ಲಿ ಹಿರಿಯರೊಬ್ಬರ ತುಟಿ ಕೆಂಪಾದದ್ದನ್ನು ದೂರದಿಂದಲೇ ಕಂಡು, ಸೆರಗು ಸಿಕ್ಕಿಸಿ ಓಡಿಹೋಗಿ, "ಎಂತ ತಿಂದ್ರಿ? ಬೇಗ ಹೇಳಿ!" ಎಂದಳು. ಅವರು ಮಾತಾಡಲಾರದೆ ಕೈ ಆಡಿಸಿದರು. "ಅಯ್ಯೋ, ಮಾತೂ ಹೊರಡುವುದಿಲ್ಲ!" ಎಂದು ಅತ್ತೆ ಕೂಗಿದಳು. ಅವರು ಹೊರಗೆ ಹೋಗಿ ಬೀಡಾ ಉಗುಳಿ ಬಂದು, "ಎಂತ ಕೇಳಿದ್ದು ನೀವು?" ಎಂದರು!

ಆದರೆ ನನ್ನ ಅಕ್ಕನ ಹೆಣ್ಣು ನೋಡುವ ಶಾಸ್ತ್ರದಲ್ಲಿ ಅವಳು ಗುರಿ ತಪ್ಪಲಿಲ್ಲ. ಗಂಡಿನ ಕಡೆಯವರು ಕಲ್ಯಾಣದಿಂದ ಬಂದಿದ್ದರು. ಅಮ್ಮ ಗೋಡಂಬಿಯ ಮೇಲೆ ಸ್ವಲ್ಪ ರವೆ ಉದುರಿಸಿದಂತಹ ಶಿರಾ ಮಾಡಿದ್ದಳು. ಹುಡುಗ ತಲೆ ತಗ್ಗಿಸಿ ತಿಂದ. ತಿನ್ನುತ್ತಿದ್ದಂತೆ ಕಿವಿ ಕೆಂಪಾಯಿತು, ಕೆನ್ನೆ ಕೆಂಪಾಯಿತು. ಅಮ್ಮನಿಗೆ ಸ್ವರ್ಗ ಮೂರೇ ಗೇಣು. "ಎಷ್ಟು ನಾಚಿಕೆಯ ಹುಡುಗ ನೋಡಿ! ಈಗಿನ ಕಾಲದಲ್ಲಿ ಸಿಗ್ತಾರಾ?" ಎಂದು ಅಪ್ಪನ ಕಿವಿಯಲ್ಲಿ ಉಸುರಿದಳು. ಕಿವಿ ಸ್ವಲ್ಪ ಮಂದವಾದ ಅಪ್ಪನಿಗೆ ಉಸುರಿದ್ದು ಎಂದರೆ ಕೋಣೆಗೆಲ್ಲ ಕೇಳಿತು.

"ನಾಚಿದರೆ ಕೆನ್ನೆ ಕೆಂಪಾಗ್ತದೆ," ಎಂದಳು ಅತ್ತೆ, "ಕುತ್ತಿಗೆಯಲ್ಲಿ ದದ್ದು ಏಳ್ತದಾ? ಶಿರಾ ಕೆಳಗಿಡು ಮಗಾ. ನಿನಗೆ ಗೋಡಂಬಿ ಆಗುದಿಲ್ಲ ಅಲ್ವಾ?"

ಹುಡುಗನ ತಾಯಿ ಸೆಟೆದು ಕೂತರು. "ನಮ್ಮ ಹುಡುಗನಿಗೆ ಯಾವ ಕಾಯಿಲೆಯೂ ಇಲ್ಲ!"

ಹುಡುಗ ಮೆಲ್ಲಗೆ ಬಾಯಿಬಿಟ್ಟ. "ಅಮ್ಮಾ, ಗೋಡಂಬಿ ತಿಂದಾಗೆಲ್ಲ ನಂಗೆ ಹೀಗೇ ಆಗ್ತದೆ. ಹೆಣ್ಣು ನೋಡಲಿಕ್ಕೆ ಹೋದಲ್ಲಿ ಕೊಟ್ಟದ್ದನ್ನು ಬೇಡ ಅನ್ಬಾರ್ದು ಅಂತ ನೀವೇ ಹೇಳಿದ್ದಲ್ವಾ?"

ಕೊಟ್ಟದ್ದನ್ನು ಬೇಡ ಎನ್ನಲು ಬಾರದ ಗಂಡ! ಒಳಗಿನ ಕೋಣೆಯಲ್ಲಿ ಅಕ್ಕ ಆ ಕ್ಷಣದಲ್ಲೇ ಒಪ್ಪಿಗೆ ಕೊಟ್ಟಳು. ಇಂದಿಗೂ ಭಾವ ಗೋಡಂಬಿ ಒಂದನ್ನು ಬಿಟ್ಟು ಬೇರೆ ಯಾವುದನ್ನೂ ಬೇಡ ಅಂದವನಲ್ಲ.

ಇಷ್ಟೆಲ್ಲ ಆದಮೇಲೆ ಜನ ಅತ್ತೆಯನ್ನು ಹೊಗಳಿದರೆಂದು ನೀವು ಭಾವಿಸಿದರೆ, ನಿಮಗೆ ನಮ್ಮವರ ಪರಿಚಯ ಸಾಲದು. ಹೊಗಳಲಿಲ್ಲ, ಹೆದರಿದರು. ಲೆಕ್ಕಾಚಾರ ಸರಳವಾಗಿತ್ತು. ಆ ಹೆಂಗಸು ನೋಡುತ್ತಾಳೆ, ನೋಡಿದವರಿಗೆ ದದ್ದು ಏಳುತ್ತದೆ. ಅಂದಮೇಲೆ ದದ್ದು ಎದ್ದದ್ದು ಗೋಡಂಬಿಯಿಂದಲೋ, ಅವಳ ಕಣ್ಣಿನಿಂದಲೋ? ದದ್ದು ಏಳುವ ಮೊದಲೇ ಅವಳು ನೋಡಲು ಶುರುಮಾಡಿರುತ್ತಾಳಲ್ಲ! ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಹಾಗೆ ನಮ್ಮ ಅತ್ತೆಯ ಕಣ್ಣು ಕೆಟ್ಟ ಕಣ್ಣಾಯಿತು. ಮದುವೆಯ ಪಂಕ್ತಿಯಲ್ಲಿ ಅವಳ ಎದುರಿನ ಸಾಲು ತುಂಬುತ್ತಿದ್ದದ್ದು ಕೊನೆಗೆ. ಮಕ್ಕಳಿಗೆ ಉಣಿಸುವ ತಾಯಂದಿರು ಅವಳನ್ನು ಕಂಡರೆ ಮಗುವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದರು. "ಸ್ವಂತ ಮಕ್ಕಳಿಲ್ಲ ನೋಡಿ, ಅದಕ್ಕೇ" ಎಂದು ಒಬ್ಬರು ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ನಾನು ಅವರ ಸ್ವರವನ್ನು ಅನುಕರಿಸಲು ಇದುವರೆಗೆ ಪ್ರಯತ್ನಿಸಿಲ್ಲ.

ದೂರದವರ ಮಾತು ಯಾಕೆ? ನಮ್ಮ ಮನೆಯಲ್ಲೇ, ರಾತ್ರಿಯೂಟ ಮುಗಿಸಿ ಅತ್ತೆ ಮೆಟ್ಟಿಲೇರಿದ ಮೇಲೆ ಅಮ್ಮ ಉಪ್ಪು, ಸಾಸಿವೆ, ಒಣಮೆಣಸು ಹಿಡಿದು ನನ್ನ ತಲೆಯ ಸುತ್ತ ಇಳಿಸಿ ಗ್ಯಾಸಿನ ಉರಿಗೆ ಹಾಕುತ್ತಿದ್ದಳು. ಘಾಟು ಬರದಿದ್ದರೆ ದೃಷ್ಟಿ ಬಿದ್ದದ್ದು ಖಂಡಿತ ಎಂದು ಅವಳ ನಂಬಿಕೆ. ಘಾಟು ಬಂದರೆ? ಮೆಣಸು ಕೆಟ್ಟದಾಗಿರಬೇಕು ಎಂದು ಇನ್ನೊಂದು ಹಿಡಿ ಹಾಕುತ್ತಿದ್ದಳು! ಬಿಲ್ಡಿಂಗಿಗೆ ಬಿಲ್ಡಿಂಗೇ ಸೀನುತ್ತಿತ್ತು. ಮರುದಿನ ಅತ್ತೆ ಮುಗ್ಧವಾಗಿ ಕೇಳುತ್ತಿದ್ದಳು: "ನಿನ್ನೆ ಯಾರ ಮನೆಯಲ್ಲಿ ಮೆಣಸು ಸೀದದ್ದು ಮಾರಾಯ್ತಿ?"

"ಕೆಳಗಿನ ಗುಜರಾತಿಯವರದ್ದು ಇರ್ಬೇಕು ಅತ್ತಿಗೆ," ಎನ್ನುತ್ತಿದ್ದಳು ಅಮ್ಮ. ಸಕ್ಕರೆ ಹಾಕದೆ ಸಾರು ಮಾಡಲಾರದ ಆ ಗುಜರಾತಿಗಳು ಪಾಪ, ಜನ್ಮದಲ್ಲಿ ಅಷ್ಟು ಮೆಣಸು ಕಂಡವರಲ್ಲ.

ಹೀಗಿರುವಾಗ ಒಂದು ಸಲ ನನ್ನ ಗೋದಾಮಿನ ಗೆಳೆಯ ಲೋಣಾವಳದಿಂದ ಎಳ್ಳಿನ ಚಿಕ್ಕಿ ತಂದುಕೊಟ್ಟ. ಊಟದ ನಂತರ ಕಡಿಯುತ್ತ ಕೂತಿದ್ದೆ. ಅತ್ತೆಯ ಕನ್ನಡಕ ಇಳಿಯಿತು.

"ನಾಲಗೆಯನ್ನು ಹಲ್ಲಿಗೆ ಉಜ್ಜುದು ಯಾಕೆ?"

"ಸ್ವಲ್ಪ ತುರಿಸ್ತದೆ. ಬೆಲ್ಲದ್ದು ಇರ್ಬೇಕು."

"ಮೊಣಕೈ ಹತ್ರ ಎದ್ದದ್ದು?"

"ಸೊಳ್ಳೆ ಅತ್ತೆ!"

"ಡೊಂಬಿವಲಿಯ ಸೊಳ್ಳೆ ಬಾಯಿಯೊಳಗೂ ಹೋಗಿ ಕಚ್ಚಿ ಬರ್ತದಾ?"

ನಾನು ತಕ್ಷಣ ಕನ್ನಡಕ ಇಳಿಸುವ ಅಭಿನಯ ಮಾಡಿ, ಅವಳದೇ ಸ್ವರದಲ್ಲಿ ಆ ಮಾತನ್ನು ಹಿಂದಿರುಗಿಸಿದೆ. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, "ಹಾಲು ಕುಡಿದು ಹೊಟ್ಟೆ ಗುಡುಗುಡು ಅಂದ್ರೆ ನಾನು ಏನೂ ಹೇಳುದಿಲ್ಲ, ಅದು ಅಲರ್ಜಿ ಅಲ್ಲ. ಆದ್ರೆ ಬಾಯಿಯೂ ತುರಿಸಿ ಮೈಯಲ್ಲೂ ಎದ್ದಿತಾದ್ರೆ ಅದು ಮೈ ಹೇಳುವ ಮಾತು. ಮುಂದಿನ ಸಲ ಅದು ಇಷ್ಟು ಮೆಲ್ಲಗೆ ಹೇಳುದಿಲ್ಲ. ಡಾಕ್ಟರಿಗೆ ತೋರಿಸು. ಎಳ್ಳು ಮುಟ್ಟಬೇಡ" ಎಂದಳು.

ಎಳ್ಳಿಗೆ ಹೆದರುವುದೇ? ಅಷ್ಟು ಸಣ್ಣ ಕಾಳಿಗೆ?

ಸಂಕ್ರಾಂತಿ ಬಂತು. ಡೊಂಬಿವಲಿಯಲ್ಲಿ ಸಂಕ್ರಾಂತಿಯೆಂದರೆ ಎಳ್ಳುಂಡೆಯಿಂದ ತಪ್ಪಿಸಿಕೊಳ್ಳಲು ನೀವು ಊರು ಬಿಡಬೇಕು. ಮರಾಠಿಗರು ತಿಳಗೂಳ್ ಕೊಟ್ಟು ಸಿಹಿಯಾಗಿ ಮಾತಾಡಲು ಹೇಳುತ್ತಾರೆ, ನಮ್ಮವರು ಎಳ್ಳುಬೆಲ್ಲ ಕೊಟ್ಟು ಅದನ್ನೇ ಹೇಳುತ್ತಾರೆ. ಆ ಸಂಜೆ ನಮ್ಮ ಟೆರೇಸಿನಲ್ಲಿ ಇಡೀ ಸೊಸೈಟಿಯ ಅರಿಸಿನ ಕುಂಕುಮ, ಜತೆಗೆ ನನ್ನ ಮಿಮಿಕ್ರಿ. ಮೆಟ್ಟಿಲು ಹತ್ತುವಾಗ ಸಿಕ್ಕವರೆಲ್ಲ ಕೈಗೆ ಉಂಡೆ ಹಾಕಿದರು. ಹೆಣ್ಣು ನೋಡಲು ಬಂದ ಭಾವನನ್ನು ಕಂಡು ನಕ್ಕವನು ನಾನು. ಆದರೆ ಕೊಟ್ಟದ್ದನ್ನು ಬೇಡ ಎನ್ನಲು ನನಗೂ ಬರಲಿಲ್ಲ, ತಿಂದೆ!

ರೈಲ್ವೆಯ ಹೆಂಗಸು ಬಂದಳು, ಚಪ್ಪಾಳೆ. ಸೆಕ್ರೆಟರಿ ಬಂದರು, ಮೊದಲ ಸಾಲಿನಲ್ಲಿ ಕೂತಿದ್ದ ನಿಜವಾದ ಸೆಕ್ರೆಟರಿಯೂ ನಕ್ಕರು. ಕೊನೆಗೆ ಅತ್ತೆ. ಕುತ್ತಿಗೆ ಚಾಚಿದೆ. "ತುಟಿ ಜುಮುಜುಮು ಅಂತದಾ?" ಅಂದೆ. ನಿಜವಾಗಿ ಅಂತಿತ್ತು! ಅಂಗೈ ತುರಿಸಿತು, ಕೆರೆದೆ. ಜನ ನಕ್ಕರು. ಗಂಟಲಿಗೆ ಏನೋ ಅಡ್ಡ ಬಂದ ಹಾಗಾಗಿ ಕೆಮ್ಮಿದೆ. ಇನ್ನೂ ನಕ್ಕರು. "ಒಂದು ನಿಮಿಷ, ನನಗೆ" ಎಂದು ಹೇಳಲು ಹೋದರೆ ನನ್ನ ಬಾಯಿಂದ ಹೊರಬಿದ್ದದ್ದು ಯಾರದೋ ಒಡಕು ಸ್ವರ. ಅದು ನನ್ನ ಸಂಗ್ರಹದಲ್ಲಿ ಇರಲೇ ಇಲ್ಲ. "ವನ್ಸ್ ಮೋರ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಎದೆಯ ಮೇಲೆ ಯಾರೋ ಕೂತ ಹಾಗಿತ್ತು. ಸಹಾಯಕ್ಕೆಂದು ಕೈಚಾಚಿದರೆ ಅದಕ್ಕೂ ಚಪ್ಪಾಳೆ. ಜೀವಮಾನವಿಡೀ ಬೇರೆಯವರಂತೆ ನಟಿಸಿದವನು, ನಾನು ನಾನಾಗಿ ಸಾಯುತ್ತಿದ್ದೇನೆಂದು ಜನರಿಗೆ ಹೇಗೆ ನಂಬಿಸಲಿ?

ಆ ಸಭೆಯಲ್ಲಿ ನಗು ನಿಲ್ಲಿಸಿದವಳು ಒಬ್ಬಳೇ. ಅವಳು ಎದ್ದು ಕುರ್ಚಿಗಳನ್ನು ತಳ್ಳಿಕೊಂಡು ಮುಂದೆ ಬಂದಳು.

"ಅರೇ ವ್ಹಾ, ಒರಿಜಿನಲ್ ಪಣ್ ಆಲೀ!" ಅಸಲಿಯೂ ಬಂದಳು ಎಂದು ಸೆಕ್ರೆಟರಿ ಶಿಳ್ಳೆ ಹಾಕಿದರು. ನಕಲಿಯ ಪಕ್ಕದಲ್ಲಿ ಅಸಲಿ ಬಂದು ನಿಂತದ್ದಕ್ಕೆ ಟೆರೇಸು ಹಾರಿಹೋಗುವಷ್ಟು ಚಪ್ಪಾಳೆ ಬಿತ್ತು.

"ಬಾಯಿ ಮುಚ್ಚಿ ಎಲ್ಲರೂ!" ಎಂದಳು ಅತ್ತೆ. ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. "ಇದು ನಾಟಕ ಅಲ್ಲ. ನಗಿಸುವಾಗ ಇವನು ಪ್ರತಿ ಮಾತಿಗೂ ನಿಮ್ಮ ಮುಖ ನೋಡ್ತಾನೆ, ನಗು ಬಂತಾ ಇಲ್ವಾ ಅಂತ. ಈಗ ನೋಡಿ. ಯಾರನ್ನಾದ್ರೂ ನೋಡ್ತಾ ಇದ್ದಾನಾ?"

ನಾನು ಯಾರನ್ನೂ ನೋಡುತ್ತಿರಲಿಲ್ಲ.

"ದೃಷ್ಟಿ! ನಾನು ಹೇಳಿದ್ದೆ, ಇಷ್ಟು ಜನರ ಕಣ್ಣೆದುರು ಬೇಡ ಅಂತ!" ಎಂದು ಅಮ್ಮ ಅಳುತ್ತ ಕೆಳಗೆ ಓಡಿದಳು. ಅವಳು ಓಡಿದ್ದು ಎಲ್ಲಿಗೆಂದು ನಿಮಗೆ ಗೊತ್ತು. ನಾನು ಏಳಲು ಹೊರಟೆ. "ನಡೆಯಬೇಡ, ಕೂತ್ಕೋ" ಎಂದು ಅತ್ತೆ ಪ್ಲಾಸ್ಟಿಕ್ ಕುರ್ಚಿಗೆ ಒತ್ತಿ ಕೂರಿಸಿದಳು. ಹಬ್ಬಕ್ಕೆಂದು ಬಂದಿದ್ದ ಭಾವ, ಅಪ್ಪ, ಸೆಕ್ರೆಟರಿ ಮತ್ತು ವಾಚ್‌ಮನ್ ಕುರ್ಚಿಯ ಒಂದೊಂದು ಕಾಲು ಹಿಡಿದರು. ನನ್ನಿಂದ ಅಣಕಿಸಿಕೊಂಡವರೆಲ್ಲ ಸೇರಿ ನನ್ನನ್ನು ಹೊತ್ತು ಇಳಿಸುತ್ತಿದ್ದರು! ಎರಡನೇ ಮಹಡಿಗೆ ಬಂದರೆ ಮೆಟ್ಟಿಲ ತುಂಬ ಮೆಣಸಿನ ಹೊಗೆ. ಹೊತ್ತವರಿಗೆ ಕೆಮ್ಮು ಹತ್ತಿ ಕುರ್ಚಿ ಒಂದು ಕಡೆಗೆ ವಾಲಿತು. ನನಗೆ ಕೆಮ್ಮಲು ಕೂಡ ಗಾಳಿ ಇರಲಿಲ್ಲ.

"ಗ್ಯಾಸ್ ಬಂದ್ ಮಾಡು!" ಅತ್ತೆ ತನ್ನ ಸೆರಗಿನಿಂದ ನನ್ನ ಮೂಗು ಬಾಯಿಯ ಸುತ್ತ ಮರೆಮಾಡಿ ಕೂಗಿದಳು. "ಉಸಿರು ಸಿಗದವನಿಗೆ ಹೊಗೆ ಕೊಡ್ತೀಯಾ ಮಾರಾಯ್ತಿ? ನನ್ನ ಕಣ್ಣಿನ ದೃಷ್ಟಿ ಆಮೇಲೆ ತೆಗಿ, ಮೊದಲು ಮಗನನ್ನು ಉಳಿಸು!"

ಕೈಯಲ್ಲಿ ಸೌಟು ಹಿಡಿದು ಬಾಗಿಲಿಗೆ ಬಂದ ಅಮ್ಮ ನನ್ನ ಮುಖ ನೋಡಿದಳು. ಊದಿದ ತುಟಿ, ಮುಚ್ಚುತ್ತಿದ್ದ ಕಣ್ಣು. ಸೌಟು ಕೈಜಾರಿತು. ಅವಳು ಒಳಗೆ ಓಡಿ ಒಲೆ ಆರಿಸಿದ್ದು ಸದ್ದಿನಿಂದ ತಿಳಿಯಿತು.

ರಿಕ್ಷಾದಲ್ಲಿ ಅತ್ತೆ ನನ್ನನ್ನು ನೆಟ್ಟಗೆ ಒರಗಿಸಿಕೊಂಡಿದ್ದಳು. "ಮಾತಾಡಬೇಡ" ಎಂದಳು. ಹುಟ್ಟಿದಾಗಿನಿಂದ ಎಲ್ಲರೂ ನನಗೆ ಕೊಟ್ಟ ಆ ಸಲಹೆಯನ್ನು ಮೊದಲ ಬಾರಿಗೆ ಪಾಲಿಸಿದೆ. ನರ್ಸಿಂಗ್ ಹೋಮಿನ ಬಾಗಿಲಲ್ಲೇ ಅವಳು ಡಾಕ್ಟರಿಗೆ ಹೇಳಿದಳು: "ಎಳ್ಳು ತಿಂದಿದ್ದಾನೆ. ತುಟಿ ಊದಿದೆ, ಮೈಯೆಲ್ಲ ದದ್ದು, ಸ್ವರ ಬಿದ್ದುಹೋಗಿದೆ, ಉಸಿರು ಕಟ್ತಾ ಉಂಟು." ಡಾಕ್ಟರು ಮರುಮಾತಾಡದೆ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ, ಮುಚ್ಚಿದ್ದ ಬಾಗಿಲನ್ನು ಯಾರೋ ಒಳಗಿನಿಂದ ತೆರೆದಂತೆ ಎದೆಗೆ ಗಾಳಿ ಬಂತು. ಗಾಳಿಗೆ ರುಚಿ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಒಮ್ಮೆ ಇಳಿದದ್ದು ಮತ್ತೆ ಏಳಬಹುದೆಂದು ಡಾಕ್ಟರು ಮರುದಿನದವರೆಗೆ ಅಲ್ಲೇ ಇರಿಸಿಕೊಂಡರು. ಎಳ್ಳನ್ನು ಕಣ್ಣೆತ್ತಿಯೂ ನೋಡಬಾರದೆಂದರು, ಪರೀಕ್ಷೆ ಮಾಡಿಸಲು ದೊಡ್ಡ ಡಾಕ್ಟರ ಹತ್ತಿರ ಕಳಿಸಿದರು.

ಮನೆಗೆ ಬಂದ ಮಧ್ಯಾಹ್ನ ಅಮ್ಮ ಗಂಜಿ ಮಾಡಿದ್ದಳು. ಗಂಜಿ, ಉಪ್ಪು, ಬೇಯಿಸಿದ ಹೆಸರುಕಾಳು, ಅಷ್ಟೇ. ಬಟ್ಟಲು ಮುಂದಿಟ್ಟಳು. ಬೆಳಿಗ್ಗೆಯವರೆಗೆ ನರ್ಸನ್ನೂ ಅಣಕಿಸಿ ನಗಿಸಿದ್ದ ನನಗೆ, ಆ ಗಂಜಿಯನ್ನು ಬಾಯಿಗಿಡಲು ಕೈ ಏಳಲಿಲ್ಲ. ಹೆದರಿಕೆ. ಗಂಜಿಗೆ ಹೆದರಿಕೆ! ನೀವು ನಗಬಹುದು, ನಾನು ಬೇಸರಪಡುವುದಿಲ್ಲ. ಚಮಚ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದೆ.

ಅಮ್ಮ ನನ್ನನ್ನು ನೋಡಿದಳು. ಆಮೇಲೆ ಬಾಗಿಲು ತೆರೆದು, ಮೆಟ್ಟಿಲ ಬಳಿ ನಿಂತು, ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಕೂಗಿದಳು.

"ಅತ್ತಿಗೇ! ಒಮ್ಮೆ ಕೆಳಗೆ ಬನ್ನಿ. ಇವನು ಉಣ್ಲಿಕ್ಕೆ ಹೆದರ್ತಾನೆ. ಸ್ವಲ್ಪ ಎದುರು ಕೂತ್ಕೊಳ್ಳಿ."

ಮೇಲೆ ಬಾಗಿಲು ತೆರೆದುಕೊಂಡಿತು. ಆಮೇಲೆ ಚಪ್ಪಲಿಯ ಸದ್ದು ನಿಧಾನವಾಗಿ ಇಳಿದು ಬಂತು. ಅತ್ತೆ ಬಂದು ಅಮ್ಮನ ಮುಖ ನೋಡಿದಳು, ಅಮ್ಮ ಕುರ್ಚಿ ಎಳೆದು ನನ್ನ ನೇರ ಎದುರಿಗಿಟ್ಟಳು. ಅತ್ತೆ ಕೂತಳು. ಕನ್ನಡಕ ಮೂಗಿನ ತುದಿಗೆ ಇಳಿಯಲಿಲ್ಲ. ಒದ್ದೆಯಾಗಿತ್ತು ಅಂತ ಕಾಣುತ್ತದೆ, ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ಉಣ್ಣು ಮಗಾ," ಎಂದಳು. "ನಾನು ನೋಡ್ತಾ ಇದ್ದೇನಲ್ಲ."